ಭಾನುವಾರದ ಹತ್ತು ನಿಮಿಷ

(ತಿಪಟೂರಿನಲ್ಲಿ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎದುರಿನ ಸಾಲುಗಳಲ್ಲಿ ಮಕ್ಕಳು ಕುಳಿತಿದ್ದಾರೆ. ಹಿಂದೆ, ಕಿಟಕಿಯ ಕಡೆಗೆ, ತಂದೆತಾಯಂದಿರು. ಮಾತು ಶುರು ಮಾಡುವ ಮೊದಲು ಒಂದು ಕೋರಿಕೆ. ದಯವಿಟ್ಟು ಎದ್ದು ಬಂದು ನಿಮ್ಮ ನಿಮ್ಮ ಮಕ್ಕಳ ಪಕ್ಕದಲ್ಲಿ ಕುಳಿತುಕೊಳ್ಳಿ. ತಂದೆತಾಯಿ ಬರಲಾಗದ ಮಕ್ಕಳ ಪಕ್ಕದಲ್ಲಿ ಅಧ್ಯಾಪಕರು ಕೂರಲಿ. ಅವಸರವಿಲ್ಲ, ಕಾಯುತ್ತೇನೆ.

ನಾನು 26 ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಅದರಲ್ಲಿ 6 ವರ್ಷ ಒಂದು ವಸತಿ ಪಿಯು ಕಾಲೇಜಿನ ಹುಡುಗರ ಹಾಸ್ಟೆಲ್ಲಿಗೆ ವಾರ್ಡನ್ ಆಗಿದ್ದೆ. ಮನೋವೈದ್ಯನಲ್ಲ. ವೈದ್ಯರಿಂದ ಕೇಳಿ ಕಲಿತದ್ದನ್ನು ಹಾಗೆಂದೇ ಹೇಳುತ್ತೇನೆ. ಉಳಿದದ್ದು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಮಕ್ಕಳ ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಆ ಹಾಸ್ಟೆಲ್ಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ನನ್ನ ಕೋಣೆಯ ಮುಂದಿನ ಮೇಜಿನ ಮೇಲೆ ಒಂದು ಫೋನು ಇಡುತ್ತಿದ್ದೆವು. ನನ್ನ ಮಹಡಿಯಲ್ಲಿ 40 ಹುಡುಗರು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಎಂಟು ಗಂಟೆಗೆ ಸಾಲು ನಿಂತರೆ ಕೊನೆಯವನು ಫೋನು ಇಡುವಾಗ ಮಧ್ಯಾಹ್ನ ಎರಡೂವರೆ ದಾಟುತ್ತಿತ್ತು. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಾ ಕೂರುತ್ತಿದ್ದೆ. ಕದ್ದು ಕೇಳಬೇಕೆಂದಲ್ಲ, ಆದರೆ ಕಿವಿ ಮುಚ್ಚಿಕೊಳ್ಳಲು ಬರುವುದಿಲ್ಲವಲ್ಲ. 6 ವರ್ಷ ಪ್ರತಿ ಭಾನುವಾರ ಈ ಕಡೆಯ ಮಾತು ಮಾತ್ರ ಕೇಳಿದ್ದೇನೆ. ಅದು ಹೀಗಿರುತ್ತಿತ್ತು:

"ಹೂಂ. ತಿಂದೆ."

"ಹೂಂ. ಇಲ್ಲ, ಜ್ವರ ಬಿಟ್ಟಿದೆ."

"ನಾನೂರ ಹನ್ನೆರಡು."

ಆಮೇಲೆ ಮೌನ. ಆ ಕಡೆ ಯಾರೋ ಮಾತನಾಡುತ್ತಿದ್ದಾರೆ. ಹುಡುಗ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದಾನೆ.

"ಕೆಮಿಸ್ಟ್ರಿಯಲ್ಲಿ ಹೋಯಿತು."

"ಅವನಿಗೆ ಐನೂರ ಐವತ್ತು."

"ಹೂಂ. ಮುಂದಿನ ಸಲ."

ಫೋನು ಇಟ್ಟುಬಿಡುತ್ತಾನೆ. ಗಡಿಯಾರ ನೋಡಿದರೆ ಆರು ನಿಮಿಷ ಆಗಿರುತ್ತದೆ. ಇನ್ನೂ ನಾಲ್ಕು ನಿಮಿಷ ಉಳಿದಿದೆಯಲ್ಲಪ್ಪ, ಮಾತನಾಡು ಎಂದರೆ, "ಆಯಿತು ಸರ್, ಮುಗಿಯಿತು" ಎನ್ನುತ್ತಾನೆ. ವಾರವಿಡೀ ಅಮ್ಮನ ದನಿಗಾಗಿ ಕಾದಿದ್ದ ಹದಿನೇಳು ವರ್ಷದ ಹುಡುಗ ನಾಲ್ಕು ನಿಮಿಷ ಬಿಟ್ಟುಕೊಟ್ಟು ಹೋಗುತ್ತಾನೆ. ನಾನು ಇಲ್ಲಿಗೆ ಬಂದಿರುವುದು ಆ ನಾಲ್ಕು ನಿಮಿಷದ ಬಗ್ಗೆ ಮಾತನಾಡಲು.

ಆ ಕಡೆ ಇದ್ದವರು ಕಟುಕರಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಹಾಸ್ಟೆಲ್ಲಿಗೆ ಬಂದಾಗ ಮಗನ ಬಟ್ಟೆಗಳನ್ನು ತಾವೇ ಒಗೆದು ಹಗ್ಗಕ್ಕೆ ಹಾಕಿ ಹೋಗುತ್ತಿದ್ದ ತಾಯಂದಿರು ಅವರು. ಚಕ್ಕುಲಿ ಡಬ್ಬದ ಜೊತೆಗೆ ವಾರ್ಡನ್ನಿಗೂ ಒಂದು ಪೊಟ್ಟಣ ಕಟ್ಟಿ ತರುತ್ತಿದ್ದವರು. ಎಷ್ಟೋ ಮನೆಗಳಲ್ಲಿ ಪಿಯು ವಿಜ್ಞಾನ ಓದಿದವರು ಯಾರೂ ಇಲ್ಲ. ಮಗ ಓದುವುದು ಏನು, ಎಲ್ಲಿ ಕಷ್ಟವಾಗುತ್ತಿದೆ ಎಂದು ವಿಚಾರಿಸಲು ಅವರ ಕೈಗೆ ಸಿಗುವ ಹಿಡಿಕೆ ಒಂದೇ, ಆ ಅಂಕಿ. "ಎಷ್ಟು ಬಂತು?" ಎಂದು ಅವರು ಕೇಳುವಾಗ ಮನಸ್ಸಿನಲ್ಲಿ ಇರುವುದು "ಚೆನ್ನಾಗಿದ್ದೀಯಾ, ಮಗನೇ?" ಎಂಬ ಮಾತು. ಆದರೆ ತಂತಿಯ ಈ ತುದಿಗೆ ತಲುಪುವಷ್ಟರಲ್ಲಿ ಅದು ಬೇರೆಯದೇ ಆಗಿರುತ್ತದೆ. ಹುಡುಗನಿಗೆ ಕೇಳಿಸುವುದು "ನಿನ್ನ ಬೆಲೆ ಈ ವಾರ ಎಷ್ಟು?" ಎಂದು.

ಬೆಲೆಯ ಮಾತು ಬಂತು. ನೀವು ತಿಪಟೂರಿನವರು, ಧಾರಣೆ ಎಂದರೆ ಏನೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ಆಗ ಬೆಂಬಲ ಬೆಲೆಯೇ 11,750 ರೂಪಾಯಿ. 2025ರಲ್ಲಿ ಇದೇ ಮಾರುಕಟ್ಟೆಯಲ್ಲಿ ಅದು 25 ಸಾವಿರ ದಾಟಿತು. ಈ ಎರಡು ವರ್ಷದಲ್ಲಿ ನಿಮ್ಮ ತೋಟದ ಕಾಯಿ ಮೂರು ಪಟ್ಟು ಸಿಹಿಯಾಯಿತೇ? ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕೊಬ್ಬರಿ ಮೂರು ಪಟ್ಟು ಎಣ್ಣೆ ಕೊಟ್ಟಿತೇ? ಅದೇ ಮಣ್ಣು, ಅದೇ ಮರ, ಅದೇ ಕಾಯಿ. ಬದಲಾದದ್ದು ಮಾರುಕಟ್ಟೆ. 2023ರಲ್ಲಿ ನೀವು ಯಾರೂ ತೋಟಕ್ಕೆ ಹೋಗಿ ತೆಂಗಿನ ಮರಕ್ಕೆ ಬೈಯಲಿಲ್ಲ.

ರ‍್ಯಾಂಕ್ ಎನ್ನುವುದು ಧಾರಣೆ. ತೂಕವಲ್ಲ.

ಲೆಕ್ಕ ನೋಡಿ. 2024ರಲ್ಲಿ ವೈದ್ಯಕೀಯ ಸೀಟಿಗಾಗಿ ನೀಟ್ ಪರೀಕ್ಷೆ ಬರೆದ ಮಕ್ಕಳು 23 ಲಕ್ಷಕ್ಕೂ ಹೆಚ್ಚು. ಇಡೀ ದೇಶದಲ್ಲಿ ಆಗ ಇದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ, ಅದರಲ್ಲೂ ಸರ್ಕಾರಿ ಕಾಲೇಜಿನವು ಹೆಚ್ಚುಕಡಿಮೆ ಅರ್ಧ. 20 ಮಕ್ಕಳಲ್ಲಿ ಒಬ್ಬರಿಗೆ ಸೀಟು. ನಮ್ಮಂಥವರ ಕೈಗೆಟಕುವ ಫೀಸಿನ ಸೀಟು ಬೇಕೆಂದರೆ 40ರಲ್ಲಿ ಒಬ್ಬರಿಗೆ. ಆ 23 ಲಕ್ಷ ಮಕ್ಕಳೂ ನಿದ್ದೆಗೆಟ್ಟು ದಿನಕ್ಕೆ ಇಪ್ಪತ್ತು ಗಂಟೆ ಓದಿದರೂ ಸೀಟು ಒಂದೂ ಹೆಚ್ಚಾಗುವುದಿಲ್ಲ, ಕಟ್ ಆಫ್ ಮಾತ್ರ ಮೇಲೇರುತ್ತದೆ. ಆ ವರ್ಷ ಮೊದಲ ಫಲಿತಾಂಶದಲ್ಲಿ 67 ಮಕ್ಕಳಿಗೆ 720ಕ್ಕೆ 720 ಬಂದಿತ್ತು. ಪ್ರಶ್ನೆಪತ್ರಿಕೆ ಸೋರಿಕೆ, ಕೃಪಾಂಕದ ಗಲಾಟೆ, ಸುಪ್ರೀಂ ಕೋರ್ಟ್ ಎಲ್ಲ ಆಗಿ ಪರಿಷ್ಕೃತ ಪಟ್ಟಿಯಲ್ಲಿ ಅದು 17ಕ್ಕೆ ಇಳಿಯಿತು. ಮರುವರ್ಷ ನನ್ನ ವಿಷಯದ ಪ್ರಶ್ನೆಗಳು ಎಷ್ಟು ಕಠಿಣವಾಗಿದ್ದವೆಂದರೆ ದೇಶಕ್ಕೆ ಮೊದಲು ಬಂದವರ ಅಂಕ 686. 2024ರಲ್ಲಿ 600 ಅಂಕ ತೆಗೆದ ಹುಡುಗಿಯ ಮುಂದೆ ಹತ್ತಾರು ಸಾವಿರ ಜನ ನಿಂತಿದ್ದರು. 2025ರಲ್ಲಿ ಅದೇ 600 ತೆಗೆದವರು ದೇಶದ ಮೊದಲ ಕೆಲವು ಸಾವಿರದೊಳಗೆ ಇದ್ದರು. ಒಂದೇ ಅಂಕ. ಒಬ್ಬಳ ಮನೆಯಲ್ಲಿ ಸೂತಕದ ಮೌನ, ಇನ್ನೊಬ್ಬಳ ಮನೆಯಲ್ಲಿ ಹೋಳಿಗೆ.

ಪಿಯುಸಿಯಲ್ಲೂ ಇದೇ ಕಥೆ. 2025ರ ಮೊದಲ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆಗೆ ಶೇ 93.90 ಫಲಿತಾಂಶ, ಯಾದಗಿರಿಗೆ ಶೇ 48.45. ಕೃಷ್ಣಾ ತೀರದಲ್ಲಿ ಹುಟ್ಟುವ ಮಕ್ಕಳ ಬುದ್ಧಿ ಕಡಲ ತೀರದವರ ಬುದ್ಧಿಯ ಅರ್ಧ ಎಂದು ಯಾರಾದರೂ ಹೇಳಲು ಸಾಧ್ಯವೇ? ಆ ಅಂಕಿ ಅಳೆಯುವುದು ಶಾಲೆಯನ್ನು, ಬಸ್ಸನ್ನು, ಖಾಲಿ ಬಿದ್ದಿರುವ ಅಧ್ಯಾಪಕರ ಹುದ್ದೆಗಳನ್ನು, ಅಪ್ಪ ಬೆಂಗಳೂರಿಗೆ ಗುಳೆ ಹೋಗಿದ್ದಾನೋ ಇಲ್ಲವೋ ಎಂಬುದನ್ನು. ನಾವು ಅದನ್ನು ಮಗುವಿನ ಹಣೆಗೆ ಅಂಟಿಸುತ್ತೇವೆ.

ಈಗ ಒಬ್ಬ ಹುಡುಗನ ವಿಷಯ ಹೇಳಬೇಕು.

ನನ್ನ ಮಹಡಿಯಲ್ಲೇ ಇದ್ದವನು. ಅಪ್ಪ ಎರಡು ಹಸು ಸಾಕಿ ಡೇರಿಗೆ ಹಾಲು ಹಾಕುವವರು, ಸ್ವಲ್ಪ ರಾಗಿ ಹೊಲ. ಒಂದು ಅಕ್ಟೋಬರಿನಲ್ಲಿ ಪ್ರಾಯೋಗಿಕ ರೆಕಾರ್ಡ್ ತಿದ್ದುತ್ತಿದ್ದಾಗ ಅವನ ಪುಸ್ತಕದ ಕೊನೆಯ ಪುಟ ತೆರೆಯಿತು. ಪೆನ್ಸಿಲಿನಲ್ಲಿ ಒಂದು ಲೆಕ್ಕ. ಮೇಲೆ 1,80,000 ಎಂದು ಬರೆದಿತ್ತು. ಅದು ನಮ್ಮಲ್ಲಿ ಒಂದು ವರ್ಷಕ್ಕೆ ಕಟ್ಟಬೇಕಾಗಿದ್ದ ಹಣ, ಹಾಸ್ಟೆಲ್ ಸೇರಿ. ಅದನ್ನು 30ರಿಂದ ಭಾಗಿಸಿದ್ದ. 6,000 ಲೀಟರ್. ಅದನ್ನು ಮತ್ತೆ 10ರಿಂದ ಭಾಗಿಸಿದ್ದ. 600 ದಿನ. ಕೆಳಗೆ ಒಂದು ಸಾಲು: "ಅಪ್ಪನ 600 ದಿನ = ನನ್ನ 1 ವರ್ಷ". ಅದರ ಕೆಳಗೆ ಎರಡು ಗೆರೆ ಎಳೆದು, ನಾವು ಉತ್ತರದ ಕೆಳಗೆ ಎಳೆಯುತ್ತೇವಲ್ಲ ಹಾಗೆ, 412 ಎಂದು ಬರೆದಿದ್ದ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಜವಾಬ್ದಾರಿ ಗೊತ್ತಿರುವ ಹುಡುಗ ಎಂದುಕೊಂಡು ಪುಟ ಮಗುಚಿದೆ.

ನವೆಂಬರಿನಲ್ಲಿ ಅವನ ಅಂಕ ಇನ್ನೂ ಇಳಿಯಿತು. ಬೆಳಗಿನ ಐದು ಗಂಟೆಯ ಸ್ಟಡಿ ಅವರ್‌ಗೆ ತಡವಾಗಿ ಬರತೊಡಗಿದ. ಕೋಣೆಯವರ ಮೇಲೆ ಸಿಡುಕು, ಬಕೆಟ್ಟಿನ ವಿಷಯಕ್ಕೆ ಒಬ್ಬನ ಜೊತೆ ಜಗಳ. ಕರೆಸಿ ಬುದ್ಧಿ ಹೇಳಿದೆ. ಏನು ಹೇಳಿದೆ ಎಂಬುದು ಇವತ್ತಿಗೂ ಅಕ್ಷರಕ್ಷರ ನೆನಪಿದೆ: "ನಿಮ್ಮಪ್ಪ ಎಷ್ಟು ಕಷ್ಟಪಟ್ಟು ಓದಿಸುತ್ತಿದ್ದಾರೆ ಎಂದು ಒಂದು ಸಲ ಯೋಚನೆ ಮಾಡು." ಅಪ್ಪನ ಕಷ್ಟವನ್ನು ಲೀಟರಿನ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದವನಿಗೆ ನಾನು ಹೇಳಿದ ಮಾತು ಇದು. ಆ ಪುಟವನ್ನು ಕಂಡವನು ನಾನೇ.

ನಾನು ಕಾಣದ್ದನ್ನು ಊಟದ ಮನೆಯಲ್ಲಿ ಬಡಿಸುತ್ತಿದ್ದ ಅಮ್ಮ ಕಂಡರು. ಒಂದು ರಾತ್ರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನನ್ನ ಕೋಣೆಯವರೆಗೆ ಬಂದು ಹೇಳಿದರು: "ಸರ್, ಆ ಹುಡುಗ ಮೂರು ವಾರದಿಂದ ಎರಡನೇ ಸಲ ಅನ್ನ ಹಾಕಿಸಿಕೊಂಡಿಲ್ಲ. ಮುಂಚೆ ಮೊಸರಿಗೆ ಜಗಳವಾಡುತ್ತಿದ್ದವನು. ಈಗ ತಟ್ಟೆ ನೋಡುತ್ತಾ ಕೂರುತ್ತಾನೆ, ಗಂಟೆ ಹೊಡೆದಾಗ ಎದ್ದು ಹೋಗುತ್ತಾನೆ." ಮಕ್ಕಳ ಅಂಕಪಟ್ಟಿ ನನ್ನ ಬಳಿ ಇತ್ತು, ಅವರ ತಟ್ಟೆ ಆ ಅಮ್ಮನ ಬಳಿ ಇತ್ತು. ಯಾರ ಬಳಿ ಹೆಚ್ಚಿನ ಮಾಹಿತಿ ಇತ್ತು ಎಂದು ನೀವೇ ಯೋಚಿಸಿ.

ಅಂದು ರಾತ್ರಿ ಅವನನ್ನು ಕರೆದು ತಾರಸಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡೆ. ಒಂದು ತರಬೇತಿಯಲ್ಲಿ ವೈದ್ಯರೊಬ್ಬರು ನಮಗೆ ಹೇಳಿದ್ದರು, ಅನುಮಾನ ಬಂದರೆ ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎನ್ನುವುದು ತಪ್ಪು ಕಲ್ಪನೆ, ಕೇಳಿದರೆ ಅವರಿಗೆ ಹಗುರವಾಗುತ್ತದೆ ಎಂದು. ನನ್ನ ನಾಲಿಗೆ ಒಣಗಿತ್ತು. ಆದರೂ ಕೇಳಿದೆ. "ಬದುಕಿರುವುದು ಬೇಡ ಅನ್ನಿಸುತ್ತದೆಯೇನಪ್ಪ?" ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ನಾನು ಇಲ್ಲದೇ ಇದ್ದಿದ್ದರೆ ಅಪ್ಪನಿಗೆ ಸುಲಭವಾಗುತ್ತಿತ್ತು ಅನ್ನಿಸುತ್ತದೆ, ಸರ್" ಎಂದ. ಆ ರಾತ್ರಿ ಅವನನ್ನು ಒಂಟಿಯಾಗಿ ಬಿಡಲಿಲ್ಲ, ನನ್ನ ಕೋಣೆಯಲ್ಲೇ ಹಾಸಿಗೆ ಹಾಸಿಸಿದೆ. ಅವನ ಮನೆಗೆ ಫೋನು ಮಾಡಿದೆ.

ಬೆಳಿಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಹನ್ನೊಂದು ಗಂಟೆಯ ಹೊತ್ತಿಗೆ ಅವನ ಅಪ್ಪ ಬಂದರು. ಮೂವರೂ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋದೆವು. ವೈದ್ಯರು ಮೊದಲು ಹುಡುಗನ ಜೊತೆ ಒಬ್ಬರೇ ಮಾತನಾಡಿದರು, ನಂತರ ನಮ್ಮನ್ನು ಒಳಗೆ ಕರೆದರು. ಇದು ಖಿನ್ನತೆ, ಕಾಯಿಲೆ, ಗುಣವಾಗುತ್ತದೆ ಎಂದರು. ಹುಡುಗ ತಲೆ ತಗ್ಗಿಸಿಕೊಂಡೇ ಅಪ್ಪನಿಗೆ ಆ 600 ದಿನದ ಲೆಕ್ಕ ಹೇಳಿದ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿಸಿಕೊಂಡರು. ಅರ್ಥವಾದ ಮೇಲೆ ಅಂದರು: "ನೀನು ಹುಟ್ಟುವುದಕ್ಕೆ ಮೊದಲೂ ನಾನು ಹಾಲು ಕರೆಯುತ್ತಿದ್ದೆ ಕಣೋ. ನೀನು ಡಾಕ್ಟರಾದರೂ ಕರೆಯುತ್ತೇನೆ, ಆಗದಿದ್ದರೂ ಕರೆಯುತ್ತೇನೆ. ಹಸುವಿನ ಲೆಕ್ಕ ನನ್ನದು. ಅದು ನಿನಗೇಕೆ?"

ನಾನು ಕೇಳಿರುವ ಯಾವ ಭಾಷಣದಲ್ಲೂ ಇಷ್ಟು ಸರಿಯಾದ ಮಾತು ಸಿಕ್ಕಿಲ್ಲ. ಪೋಷಕರೇ, ನಿಮ್ಮ ಸಾಲ, ಅಡವಿಟ್ಟ ಬಳೆ, ಮಾರಿದ ಹಸು, ಇವೆಲ್ಲ ಮಕ್ಕಳಿಗೆ ಗೊತ್ತಿರುತ್ತದೆ. ಬಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಆ ಲೆಕ್ಕ ನಿಮ್ಮದು, ಅದನ್ನು ಅವರು ತೀರಿಸಬೇಕಾಗಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. "ಅದು ಅವನಿಗೆ ಗೊತ್ತೇ ಇರುತ್ತದೆ" ಎಂದುಕೊಳ್ಳಬೇಡಿ. ಗೊತ್ತಿರುವುದಿಲ್ಲ.

ಇಲ್ಲಿ ಎರಡು ವಿಷಯಗಳನ್ನು ಬಿಡಿಸಿ ನೋಡಬೇಕು. ಒತ್ತಡ ಬೇರೆ, ಖಿನ್ನತೆ ಬೇರೆ. ಪರೀಕ್ಷೆ ಹತ್ತಿರ ಬಂದಾಗ ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು, ಅಳು ಬರುವುದು ಒತ್ತಡ. ಪರೀಕ್ಷೆ ಮುಗಿದ ಸಂಜೆ ಆ ಮಗು ಎರಡು ತಟ್ಟೆ ಊಟ ಮಾಡಿ ಮಲಗಿಬಿಡುತ್ತದೆ. ಖಿನ್ನತೆ ಹಾಗಲ್ಲ. ಮೊದಲು ಇಷ್ಟವಾಗಿದ್ದ ಯಾವುದೂ ಬೇಡವಾಗುತ್ತದೆ. ಕ್ರಿಕೆಟ್ ಬೇಡ, ಸ್ನೇಹಿತರು ಬೇಡ, ಹಬ್ಬ ಬೇಡ. ನಿದ್ದೆ ಕೆಡುತ್ತದೆ, ಇಲ್ಲವೇ ನಿದ್ದೆಯೇ ಮುಗಿಯುವುದಿಲ್ಲ. ಹಸಿವು ಹೋಗುತ್ತದೆ. ಓದಿದ ಸಾಲು ತಲೆಗೆ ಹತ್ತುವುದಿಲ್ಲ. ನಾನು ಯಾವುದಕ್ಕೂ ಉಪಯೋಗವಿಲ್ಲ ಎಂಬ ಮಾತು ಒಳಗೆ ಕೊರೆಯುತ್ತಿರುತ್ತದೆ. ಇವುಗಳಲ್ಲಿ ಹಲವು ಸೇರಿಕೊಂಡು ಎರಡು ವಾರಕ್ಕೂ ಮೀರಿ ದಿನದ ಹೆಚ್ಚು ಹೊತ್ತು ಕಾಡಿದರೆ ವೈದ್ಯರಿಗೆ ತೋರಿಸಬೇಕು. ಹದಿಹರೆಯದಲ್ಲಿ ಇನ್ನೊಂದು ತೊಡಕಿದೆ. ದುಃಖದ ಬದಲು ಸಿಡುಕು ಮುಂದೆ ಬರುತ್ತದೆ, ಪದೇ ಪದೇ ತಲೆನೋವು, ಹೊಟ್ಟೆನೋವು ಬರುತ್ತದೆ. ನಾವು ಅದನ್ನು ಕೊಬ್ಬು ಎನ್ನುತ್ತೇವೆ, ಸೋಮಾರಿತನ ಎನ್ನುತ್ತೇವೆ, ಮೊಬೈಲ್ ಹುಚ್ಚು ಎನ್ನುತ್ತೇವೆ. ನಾನು ಬಕೆಟ್ಟಿನ ಜಗಳ ಎಂದುಕೊಂಡೆ.

ಒತ್ತಡದಲ್ಲಿರುವ ಮಗುವಿಗೆ ಧೈರ್ಯದ ಮಾತು ನೆರವಾಗುತ್ತದೆ. ಖಿನ್ನತೆಯಲ್ಲಿರುವ ಮಗುವಿಗೆ "ಧೈರ್ಯ ತಂದುಕೋ" ಎಂದರೆ ಕಾಲು ಮುರಿದವನಿಗೆ ಎದ್ದು ಓಡು ಎಂದಂತೆ. ಅವನಿಗೆ ಚಿಕಿತ್ಸೆ ಬೇಕು. ಆಪ್ತಸಮಾಲೋಚನೆ ಬೇಕು, ಕೆಲವರಿಗೆ ಮಾತ್ರೆಯೂ ಬೇಕು. ಮಾತ್ರೆಯ ಬಗ್ಗೆ ಊರಲ್ಲಿ ಏನೇನೋ ಮಾತಿದೆ. ಖಿನ್ನತೆಗೆ ಕೊಡುವ ಔಷಧಿಗಳು ಚಟ ಹಿಡಿಸುವ ನಿದ್ದೆ ಗುಳಿಗೆಗಳಲ್ಲ. ಆದರೆ ಅವುಗಳ ಗುಣ ಕಾಣಿಸಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕಾಗುತ್ತದೆ. ಶುರುವಿನ ವಾರಗಳಲ್ಲಿ ಮಗುವಿನ ಮೇಲೆ ಹೆಚ್ಚು ನಿಗಾ ಇರಬೇಕು. ನಾಲ್ಕು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಟ್ಟುಬಿಡುವುದು, ಸ್ವಲ್ಪ ಗೆಲುವಾದ ಕೂಡಲೇ ವೈದ್ಯರನ್ನು ಕೇಳದೆ ನಿಲ್ಲಿಸುವುದು, ಎರಡೂ ತಪ್ಪು.

ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ದೇಶದ ಬೇರೆ ಬೇರೆ ಮೂಲೆಗಳಿಂದ ಜನ ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ಜಿಲ್ಲಾ ಮಟ್ಟದಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಬಹುದು ಎಂಬುದನ್ನು ಇಡೀ ದೇಶಕ್ಕೆ ತೋರಿಸಿಕೊಟ್ಟದ್ದು 1980ರ ದಶಕದ ಬಳ್ಳಾರಿಯ ಪ್ರಯೋಗ. ಆದರೂ ನಮ್ಮ ಊರುಗಳಲ್ಲಿ "ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು" ಎನ್ನುವುದು ಬೈಗುಳ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ್ದು ಅದೇ ನಿಮ್ಹಾನ್ಸ್. 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7ಕ್ಕೂ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆ ಎಂದು ಅದು ಹೇಳಿತು. ಈ ಸಭಾಂಗಣದಲ್ಲಿ 200 ಮಕ್ಕಳಿದ್ದೀರಿ ಎಂದುಕೊಂಡರೆ 14 ಮಂದಿ. ಯಾರೂ ತಿರುಗಿ ನೋಡಬೇಡಿ. ಆ 14 ಮಂದಿಗೆ ನಾನು ಹೇಳುವುದು ಇಷ್ಟೇ: ನೀವು ಒಬ್ಬರೇ ಇಲ್ಲ, ನೀವು ಕೆಟ್ಟವರಲ್ಲ, ಇದಕ್ಕೆ ಮದ್ದಿದೆ.

14416. ಬರೆದುಕೊಳ್ಳಿ. ಇದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳು ತಮಗಾಗಿ ಮಾಡಬಹುದು, ಪೋಷಕರು ಏನು ಮಾಡಬೇಕೆಂದು ತೋಚದಾಗಲೂ ಮಾಡಬಹುದು. ಫೋನಿನಲ್ಲಿ ಮಾತನಾಡಲು ಆಗದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ.

ಸಾವಿನ ಮಾತನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದನ್ನು ಮುಚ್ಚಿಟ್ಟು ನಾವು ಏನನ್ನೂ ಗಳಿಸಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ಈ ದೇಶ 13,044 ವಿದ್ಯಾರ್ಥಿಗಳನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡಿತು. "ಫೇಲಾದ, ಅದಕ್ಕೆ ಹೀಗೆ ಮಾಡಿಕೊಂಡ" ಎಂದು ಪತ್ರಿಕೆಯ ಎರಡು ಸಾಲಿನಲ್ಲಿ ಮುಗಿಸುತ್ತೇವೆ. ಅದು ಎಂದಿಗೂ ಒಂದೇ ಕಾರಣದಿಂದ ಆಗುವುದಿಲ್ಲ. ಆ ಗಳಿಗೆ ದಾಟಿದ ಬಹಳಷ್ಟು ಮಂದಿ ಮುಂದೆ ಬದುಕನ್ನೇ ಆರಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಗಳಿಗೆ ದಾಟುತ್ತದೆ. ಹಿಂದೆ ಪೊಲೀಸ್ ಕೇಸಾಗುತ್ತದೆ ಎಂಬ ಭಯಕ್ಕೆ ಮನೆಯವರು ಆಸ್ಪತ್ರೆಗೇ ಹೋಗುತ್ತಿರಲಿಲ್ಲ. ಈಗ ಆ ಭಯ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಸಿಕ್ಕವರೆಂದೇ ಭಾವಿಸಬೇಕು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮನ್ನು ಉಳಿಸಿಕೊಂಡಿಲ್ಲ.

ನನ್ನ ವೃತ್ತಿಯವರ ಪಾಲನ್ನು ಬಿಟ್ಟು ಬರೀ ಪೋಷಕರಿಗೆ ಬುದ್ಧಿ ಹೇಳಿದರೆ ಅದು ಅನ್ಯಾಯ. ಇಲ್ಲಿನ ಬಸ್ ನಿಲ್ದಾಣದಿಂದ ಈ ಸಭಾಂಗಣಕ್ಕೆ ನಡೆದು ಬರುವಾಗ ಏಳು ಫ್ಲೆಕ್ಸ್ ಎಣಿಸಿದೆ. ಪಾಸ್‌ಪೋರ್ಟ್ ಅಳತೆಯ ಮುಖಗಳು, ಕೆಳಗೆ ಅಂಕ. ಆ ಮುಖಗಳ ಹಿಂದೆ, ಅದೇ ತರಗತಿಯಲ್ಲಿ, ಅದೇ ಫೀಸು ಕಟ್ಟಿ ಕುಳಿತಿದ್ದ ಮುನ್ನೂರು ಮಕ್ಕಳು ಫ್ಲೆಕ್ಸಿನಲ್ಲಿ ಇಲ್ಲ. ತಿಂಗಳ ಟೆಸ್ಟ್ ನೋಡಿಕೊಂಡು ಮಕ್ಕಳನ್ನು ಬ್ಯಾಚ್‌ನಿಂದ ಬ್ಯಾಚ್‌ಗೆ ಇಳಿಸುವುದನ್ನು ನಾನೂ ಮಾಡಿದ್ದೇನೆ. ಇಳಿದ ಹುಡುಗ ಪುಸ್ತಕ ಎತ್ತಿಕೊಂಡು ಮೊಗಸಾಲೆಯಲ್ಲಿ ನಡೆದುಹೋಗುವಾಗ ಉಳಿದವರು ಸುಮ್ಮನೆ ನೋಡುತ್ತಾರೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮಾಡಬಾರದು ಎಂದು ಹೇಳಿತು. ಅಂಕದ ಮೇಲೆ ಬ್ಯಾಚ್ ವಿಂಗಡಿಸಬಾರದು, ಎಲ್ಲರೆದುರು ಅವಮಾನಿಸಬಾರದು, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಾದ ಆಪ್ತಸಮಾಲೋಚಕರೊಬ್ಬರು ಇರಲೇಬೇಕು. ಕಾಲೇಜಿಗೆ ಸೇರಿಸುವ ದಿನ ನೀವು ಪ್ರಯೋಗಾಲಯ ನೋಡುತ್ತೀರಿ, ಕಳೆದ ವರ್ಷದ ಫಲಿತಾಂಶ ಕೇಳುತ್ತೀರಿ. "ನಿಮ್ಮ ಆಪ್ತಸಮಾಲೋಚಕರು ಯಾರು, ಅವರು ಯಾವ ಕೋಣೆಯಲ್ಲಿ ಕೂರುತ್ತಾರೆ?" ಎಂದೂ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಆ ಕೋಣೆ ಇರುತ್ತದೆ.

ನಿದ್ದೆಯ ವಿಷಯದಲ್ಲೂ ನನ್ನ ತಪ್ಪಿದೆ. ರಾತ್ರಿ ಹನ್ನೊಂದೂವರೆಗೆ ದೀಪ ಆರಿಸಿ ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆಸುತ್ತಿದ್ದವನು ನಾನು. ಈ ವಯಸ್ಸಿನ ದೇಹಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು, ಹದಿಹರೆಯದಲ್ಲಿ ನಿದ್ದೆಯ ಗಡಿಯಾರವೇ ರಾತ್ರಿಯ ಕಡೆಗೆ ಸರಿಯುತ್ತದೆ ಎಂಬುದು ನನಗೆ ಗೊತ್ತಾಗುವ ಹೊತ್ತಿಗೆ ನೂರಾರು ಮಕ್ಕಳನ್ನು ತೂಕಡಿಸುತ್ತಲೇ ಓದಿಸಿದ್ದೆ.

ಹೆಣ್ಣುಮಕ್ಕಳ ಮೇಲಿನ ಭಾರ ಬೇರೆ ಬಗೆಯದು. ಹುಡುಗನಿಗೆ ಸೀಟು ತಪ್ಪಿದರೆ ಲಾಂಗ್ ಟರ್ಮ್, ಅಂದರೆ ಇನ್ನೊಂದು ವರ್ಷ ಕೋಚಿಂಗ್ ಎನ್ನುತ್ತಾರೆ. ಹುಡುಗಿಗೆ ತಪ್ಪಿದರೆ ಎಷ್ಟೋ ಮನೆಗಳಲ್ಲಿ ಜಾತಕ ಹೊರಬರುತ್ತದೆ. ಅವಳು ಬರೆಯುತ್ತಿರುವುದು ಪರೀಕ್ಷೆಯನ್ನಲ್ಲ, ಮನೆಯಿಂದ ಹೊರಗೆ ಹೋಗಲು ಇರುವ ಒಂದೇ ಅರ್ಜಿಯನ್ನು. ಅಂಥ ಮನೆಯ ಅಪ್ಪಂದಿರು ಇಲ್ಲಿ ಇದ್ದರೆ, ಇವತ್ತು ರಾತ್ರಿಯೇ ಮಗಳಿಗೆ ಒಂದು ಮಾತು ಕೊಡಿ: ಸೀಟು ಬರಲಿ ಬಿಡಲಿ, ನಿನ್ನ ಓದು ನಿಲ್ಲುವುದಿಲ್ಲ. ಅವಳ ಅಂಕ ಏರುತ್ತದೋ ಇಲ್ಲವೋ ಹೇಳಲಾರೆ, ಅವಳು ನಿದ್ದೆ ಮಾಡುತ್ತಾಳೆ.

ಆ ಹುಡುಗ ಏನಾದ ಎಂದು ನೀವು ಕೇಳುತ್ತೀರಿ. ಇಂಥ ಸಭೆಗಳಲ್ಲಿ ಇಲ್ಲಿಂದ ಮುಂದೆ ಒಂದು ಯಶೋಗಾಥೆ ಬರಬೇಕು. ಫೇಲಾದವನು ಕಂಪನಿ ಕಟ್ಟಿದ, ನೂರು ಜನಕ್ಕೆ ಕೆಲಸ ಕೊಟ್ಟ. ಅದು ಮಕ್ಕಳಿಗೆ ನಾವು ಹೊರಿಸುವ ಇನ್ನೊಂದು ರ‍್ಯಾಂಕ್. ಸೋತರೂ ಪರವಾಗಿಲ್ಲ, ಆದರೆ ಸೋತು ದೊಡ್ಡವನಾಗಬೇಕು ಎಂದಂತೆ. ಆ ಹುಡುಗ ಎರಡು ತಿಂಗಳು ಮನೆಯಲ್ಲಿದ್ದ. ಮೊದಲ ಪರೀಕ್ಷೆಗೆ ಕೂರಲಿಲ್ಲ, ನಂತರದ ಪರೀಕ್ಷೆಯಲ್ಲಿ ಪಾಸಾದ. ನೀಟ್ ಬರೆಯಲಿಲ್ಲ. ಊರ ಹತ್ತಿರದ ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎಸ್‌ಸಿ ಮಾಡಿದ. ನಡುವೆ ಇನ್ನೊಂದು ಸಲ ಖಿನ್ನತೆ ಮರುಕಳಿಸಿತು, ಆಗ ತಾನೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದ. ಈಗ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾನೆ. ಸಂಬಳ ಸಾಧಾರಣ. ಹಬ್ಬಕ್ಕೆ ಫೋನು ಮಾಡುತ್ತಾನೆ, ಮೊಸರನ್ನ ತಿನ್ನುತ್ತಾನೆ. ನನಗೆ ಇಷ್ಟು ಸಾಕು.

ಪೋಷಕರು ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಫಲಿತಾಂಶದ ದಿನಕ್ಕೆ ಮೊದಲೇ, ಪರೀಕ್ಷೆಗೂ ಮೊದಲೇ, ಒಂದು ಸಂಜೆ ಮನೆಯವರೆಲ್ಲ ಕುಳಿತು, ಸೀಟು ಸಿಗದಿದ್ದರೆ ಏನು ಎಂಬುದನ್ನು ಮಾತನಾಡಿ. ಸುಮ್ಮನೆ "ನೋಡೋಣ" ಎನ್ನಬೇಡಿ. ಯಾವ ಕಾಲೇಜು, ಯಾವ ಕೋರ್ಸು, ಫೀಸು ಎಷ್ಟು, ಅರ್ಜಿ ಯಾವಾಗ ಎಂದು ಕಾಗದದ ಮೇಲೆ ಬರೆದಿಡಿ. ಕೃಷಿ, ಪಶುವೈದ್ಯ, ನರ್ಸಿಂಗ್, ಬಿಎಸ್‌ಸಿ, ಡಿಪ್ಲೊಮಾ, ಏನು ಬೇಕಾದರೂ ಇರಲಿ. ಪಿಯುಸಿಯಲ್ಲೇ ಎಡವಿದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶವಿದೆ, 2024ರಿಂದ ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಎರಡು ವರ್ಷ ಪರೀಕ್ಷೆಗೆ ತಯಾರಿ ಮಾಡಿಸುತ್ತೇವೆ, ಫಲಿತಾಂಶದ ಮರುದಿನಕ್ಕೆ ಅರ್ಧ ಗಂಟೆಯ ತಯಾರಿಯೂ ಇರುವುದಿಲ್ಲ. 20ರಲ್ಲಿ 19 ಮನೆಗಳು ಆ ಮರುದಿನವನ್ನು ನೋಡಲೇಬೇಕು.

ಮಾತಿನ ನಂತರ ತಂದೆಯೊಬ್ಬರು ಎದ್ದು ಕೇಳಿದರು: "ಸರ್, ಸಿಗದಿದ್ದರೂ ಪರವಾಗಿಲ್ಲ ಎಂದು ಮೊದಲೇ ಹೇಳಿಬಿಟ್ಟರೆ ಓದುವುದನ್ನೇ ಬಿಟ್ಟುಬಿಡುತ್ತಾರಲ್ಲ?" ನಿಜವಾದ ಪ್ರಶ್ನೆ. ನನ್ನ ಉತ್ತರ ಇದು. ತೆಂಗಿನ ಮರ ಹತ್ತುವವರ ಕಾಲಿಗೆ ಬಳ್ಳಿ ಕಟ್ಟುತ್ತೀರಿ. ಬಳ್ಳಿ ಇದೆಯೆಂದು ಅವರು ಹತ್ತುವುದನ್ನು ನಿಲ್ಲಿಸುತ್ತಾರೆಯೇ? ಇನ್ನೂ ಮೇಲಕ್ಕೆ ಹೋಗುತ್ತಾರೆ. ನನ್ನ 26 ವರ್ಷದಲ್ಲಿ ಹೆದರಿಕೆಯಿಂದ ಓದಿ ಚೆನ್ನಾಗಿ ಬರೆದವರನ್ನೂ ನೋಡಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಹೆದರಿದ ಮಗು ಗೊತ್ತಿಲ್ಲದ ಪ್ರಶ್ನೆಯ ಮುಂದೆ ಕಲ್ಲಾಗಿ ಕೂರುತ್ತದೆ. ಹೆದರದ ಮಗು ಮುಂದಿನ ಪ್ರಶ್ನೆಗೆ ಹೋಗುತ್ತದೆ. ಮೂರು ಗಂಟೆಯಲ್ಲಿ 180 ಪ್ರಶ್ನೆಗಳಿರುವ ಪರೀಕ್ಷೆಯಲ್ಲಿ ಆ ವ್ಯತ್ಯಾಸ ಸಣ್ಣದಲ್ಲ.

ಒಬ್ಬ ತಾಯಿ, "ಭಾನುವಾರ ಮತ್ತೇನು ಕೇಳಬೇಕು ಹೇಳಿ" ಎಂದರು. ಟೆಸ್ಟ್ ವಿಷಯ ಕೇಳಬಾರದೆಂದಿಲ್ಲ, ಕೊನೆಗೆ ಕೇಳಿ. ಮೊದಲು ಮನೆಯ ಸುದ್ದಿ ಹೇಳಿ. ಹಸು ಕರು ಹಾಕಿದ್ದು, ಪಕ್ಕದ ಮನೆಯವರು ಬೋರ್ ಹಾಕಿಸಿದ್ದು, ಅಜ್ಜಿ ಕನ್ನಡಕ ಕಳೆದುಕೊಂಡದ್ದು. ಯಾರ ಜೊತೆ ಊಟಕ್ಕೆ ಕೂರುತ್ತಾನೆ ಎಂದು ಕೇಳಿ. ಉತ್ತರ ಬಾರದಿದ್ದರೆ ಫೋನು ಇಡಬೇಡಿ, ಸುಮ್ಮನೆ ಇರಿ. ಆ ನಾಲ್ಕು ನಿಮಿಷ ಇಬ್ಬರೂ ಸುಮ್ಮನೆ ಇದ್ದರೂ ನಷ್ಟವಿಲ್ಲ.

ಮಕ್ಕಳಿಗೆ ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಕೊಡಿ ಎಂದಿದ್ದೆ. 31 ಚೀಟಿ ಬಂದವು. ಹೆಚ್ಚಿನವಕ್ಕೆ ಅಲ್ಲೇ ಉತ್ತರಿಸಿದೆ. ಕೊನೆಯದು ನಾಲ್ಕು ಮಡಿಕೆ ಮಡಚಿದ್ದು, ಬಹಳ ಸಣ್ಣ ಅಕ್ಷರ. "ಇದನ್ನೆಲ್ಲ ನಮ್ಮ ಅಪ್ಪನಿಗೆ ಯಾರು ಹೇಳುತ್ತಾರೆ, ಸರ್? ಅವರು ಇವತ್ತು ಬಂದಿಲ್ಲ."

ನಾನು ಹೇಳುತ್ತೇನೆ. ಆರು ಗಂಟೆಯವರೆಗೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ಕುಳಿತಿರುತ್ತೇನೆ. ಹೆಸರು ಹೇಳಬೇಕಾಗಿಲ್ಲ, ಅಪ್ಪನ ಫೋನ್ ನಂಬರ್ ಇನ್ನೊಂದು ಚೀಟಿಯಲ್ಲಿ ಬರೆದುಕೊಟ್ಟರೂ ಆಯಿತು. ನನ್ನ ಬಸ್ಸು ಆರೂವರೆಗೆ. ಅದು ತಪ್ಪಿದರೆ ಇನ್ನೊಂದಿದೆ.